ಆಡಿನ ಶ್ವಾಸನಾಳ ಬಿಡಿಸಿ ಮನುಷ್ಯನ ಶ್ವಾಸನಾಳ ಕಲಿಯುವ ಬಗೆ

ಶ್ವಾಸನಾಳದ ಉಂಗುರಗಳು ಪೂರ್ತಿ ದುಂಡಗಿಲ್ಲ ಎಂದು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಅವುಗಳ ಬಾಯಿ ಯಾವ ಕಡೆಗೆ ತೆರೆದಿದೆ, ಅಲ್ಲಿ ಏನಿದೆ, ಅದರ ಹಿಂದೆ ಏನಿದೆ ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದಾಗ ಮಾತ್ರ ಬಹಳ ಮಂದಿ ತಡವರಿಸುತ್ತಾರೆ. ಚಿತ್ರದಲ್ಲಿ ಶ್ವಾಸನಾಳ ಯಾವಾಗಲೂ ಮುಂದಿನಿಂದಲೇ ಕಾಣುತ್ತದೆ, ಕಲಿಯಬೇಕಾದ್ದು ಹಿಂದೆ ಇರುತ್ತದೆ. ಕಲಬುರಗಿಯ ಮಟನ್ ಅಂಗಡಿಯಿಂದ ಒಂದು ಜೋಡಿ ಶ್ವಾಸಕೋಶವನ್ನು ನಾಳ ಸಮೇತ ತಂದು, ಎರಡು ತಾಸು ಕೂತು ಬಿಡಿಸಿದರೆ ಈ ಗೊಂದಲ ಹರಿಯುತ್ತದೆ. ನರ್ಸಿಂಗ್, ಪ್ಯಾರಾಮೆಡಿಕಲ್ ಮೊದಲ ವರ್ಷದವರಿಗೂ ಪಿಯು ಜೀವಶಾಸ್ತ್ರ ಕಲಿಸುವವರಿಗೂ ಈ ಬರಹ.

ಒಂದು ಎಚ್ಚರಿಕೆ ಮೊದಲೇ ಇರಲಿ. ಬೀದರಿನ ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗೆ ಟ್ರೇಯಲ್ಲಿ ಕಾಣುವುದೇ ಪಾಠ. ನರ್ಸಿಂಗ್ ವಿದ್ಯಾರ್ಥಿಗೆ ಹಾಗಲ್ಲ. ಆಡು ಮನುಷ್ಯನಿಗಿಂತ ಬೇರೆಯಾಗುವ ಕೆಲವು ಜಾಗಗಳಿವೆ. ಅವನ್ನು ತಿಳಿಯದೆ ಬಿಡಿಸಿದವರು ತಪ್ಪು ಕಲಿತು ಏಳುತ್ತಾರೆ. ಅಂಥ ಜಾಗ ಬಂದಾಗಲೆಲ್ಲ ಕೆಳಗೆ ಹೇಳಿದೆ.

ಮೊದಲು ನಿಮ್ಮದೇ ಕೊರಳು

ಬ್ಲೇಡು ಹಿಡಿಯುವ ಮೊದಲು ಬೆರಳಿನಿಂದ ಶುರು ಮಾಡಿ. ಗಲ್ಲ ಸ್ವಲ್ಪ ಮೇಲೆತ್ತಿ, ಕೊರಳ ನಡುಗೆರೆಯಲ್ಲಿ ತೋರುಬೆರಳನ್ನು ಮೇಲಿನಿಂದ ಕೆಳಕ್ಕೆ ಜಾರಿಸಿ. ಗಂಡಸರಲ್ಲಿ ಎದ್ದು ಕಾಣುವ ಗಂಟಲಮಣಿ ಥೈರಾಯ್ಡ್ ಮೃದ್ವಸ್ಥಿಯದು. ಅದರ ಕೆಳಗೆ ಬೆರಳು ಸಣ್ಣ ತಗ್ಗಿಗೆ ಬೀಳುತ್ತದೆ, ಕೂಡಲೇ ಇನ್ನೊಂದು ಗಟ್ಟಿ ಉಂಗುರ ತಗಲುತ್ತದೆ. ಇದು ಕ್ರೈಕಾಯ್ಡ್. ಇಡೀ ಶ್ವಾಸಮಾರ್ಗದಲ್ಲಿ ಸುತ್ತಲೂ ಪೂರ್ತಿ ಮುಚ್ಚಿದ ಉಂಗುರ ಇದೊಂದೇ. ಇದರ ಕೆಳ ಅಂಚಿನಿಂದ, ಅಂದರೆ ಕೊರಳಿನ 6ನೇ ಕಶೇರುಕದ ಮಟ್ಟದಿಂದ, ಶ್ವಾಸನಾಳ ಶುರು.

ಇನ್ನೂ ಕೆಳಗಿಳಿದರೆ ಮೆತ್ತಗಿನ ಪಟ್ಟಿಯೊಂದು ಸಿಗುತ್ತದೆ. ಅದು 2ರಿಂದ 4ನೇ ಉಂಗುರದ ಮೇಲೆ ಅಡ್ಡ ಕೂತಿರುವ ಥೈರಾಯ್ಡ್ ಗ್ರಂಥಿಯ ಸೇತುಭಾಗ. ಟ್ರೆಕಿಯಾಸ್ಟಮಿ (ಉಸಿರಿಗಾಗಿ ಕೊರಳಲ್ಲಿ ನಾಳಕ್ಕೆ ರಂಧ್ರ ಮಾಡುವ ಆಪರೇಷನ್) ಮಾಡುವ ಸರ್ಜನ್ ಇದನ್ನು ಸರಿಸಿಯೋ ಸೀಳಿಯೋ ನಾಳಕ್ಕೆ ದಾರಿ ಮಾಡಿಕೊಳ್ಳಬೇಕಾಗುತ್ತದೆ. ಕೊನೆಗೆ ಎದೆಮೂಳೆಯ ಮೇಲಿನ ಗುಂಡಿ. ಅಲ್ಲಿ ಬೆರಳ ತುದಿಯನ್ನು ನಡುವೆ ಇಟ್ಟು, ನಾಳದ ಎರಡೂ ಬದಿಗೆ ಜಾಗ ಸಮ ಇದೆಯೇ ನೋಡಿ. ವಾರ್ಡಿನಲ್ಲಿ ಮಾಡುವ ಪರೀಕ್ಷೆಯೂ ಇದೇ. ಶ್ವಾಸಕೋಶ ಕುಸಿದರೆ ನಾಳ ಆ ಕಡೆಗೆ ಎಳೆದುಕೊಳ್ಳುತ್ತದೆ. ಎದೆಯ ಒಂದು ಬದಿಯಲ್ಲಿ ಒತ್ತಡದ ಗಾಳಿಯೋ ಬಹಳಷ್ಟು ನೀರೋ ತುಂಬಿದರೆ ಇನ್ನೊಂದು ಬದಿಗೆ ತಳ್ಳಿಸಿಕೊಳ್ಳುತ್ತದೆ.

ಗುಂಡಿಯಿಂದ ಸುಮಾರು 5 ಸೆಂ.ಮೀ. ಕೆಳಗೆ ಎದೆಮೂಳೆಯ ಮೇಲೆ ಅಡ್ಡ ಏಣು ಕೈಗೆ ಸಿಗುತ್ತದೆ. ಎರಡನೇ ಪಕ್ಕೆಲುಬು ಬಂದು ಕೂಡುವ ಜಾಗ ಅದು. ನಾಳ ಎರಡಾಗುವುದು ಸರಿಸುಮಾರು ಅದರ ಹಿಂದೆ, ಎದೆಯ 4-5ನೇ ಕಶೇರುಕದ ಮಟ್ಟದಲ್ಲಿ. ಸರಿಸುಮಾರು ಎಂದದ್ದಕ್ಕೆ ಕಾರಣವಿದೆ: ನಿಂತು ದೀರ್ಘ ಉಸಿರೆಳೆದರೆ ಕವಲು 6ನೇ ಕಶೇರುಕದವರೆಗೂ ಇಳಿಯುತ್ತದೆ.

ಕ್ರೈಕಾಯ್ಡಿನಿಂದ ಈ ಏಣಿನವರೆಗೆ ದಾರ ಹಿಡಿದು ಅಳೆದುಕೊಳ್ಳಿ. ದೊಡ್ಡವರಲ್ಲಿ ಶ್ವಾಸನಾಳದ ಉದ್ದ 10ರಿಂದ 12 ಸೆಂ.ಮೀ. ಅರ್ಧ ಕೊರಳಲ್ಲಿ, ಅರ್ಧ ಎದೆಯಲ್ಲಿ. ಆ ದಾರವನ್ನು ಕತ್ತರಿಸಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂಗಡಿಯಲ್ಲಿ ಕೇಳುವುದು

ಭಾನುವಾರ ಹೋಗಬೇಡಿ. ಗಿರಾಕಿಗಳ ಗದ್ದಲದಲ್ಲಿ ನಿಮಗಾಗಿ ನಾಳ ಉಳಿಸಿ ಬಿಡಿಸುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ವಾರದ ನಡುವೆ, ಬೆಳಿಗ್ಗೆ ಮೊದಲ ಆಡು ಬೀಳುವ ಹೊತ್ತಿಗೆ ಹೋಗಿ, ಹಿಂದಿನ ದಿನವೇ ಹೇಳಿಟ್ಟರೆ ಇನ್ನೂ ಒಳ್ಳೆಯದು. ಶ್ವಾಸಕೋಶ ಎಂದರೆ ಕಲಬುರಗಿ ಅಂಗಡಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿನ ಮಾತು ಫೇಪ್ಡಾ. ಹೀಗೆ ಕೇಳಿ: "ಫೇಪ್ಡಾ ಬೇಕ್ರಿ, ಕೊರಳ ನಳಿ ಸಮೇತ. ದಿಲ್ ಹಂಗೇ ಇರ್ಲಿ, ಕಲೇಜಿ ಬ್ಯಾಡ. ಚಾಕು ತಗಲಸಬ್ಯಾಡ್ರಿ, ಓದೋ ಹುಡುಗ್ರಿಗೆ."

ಕೊನೆಯ ಮಾತು ಮುಖ್ಯ. ತಿನ್ನುವವರಿಗೆ ಕೊಡುವಾಗ ಫೇಪ್ಡಾವನ್ನು ಎರಡು ಮೂರು ತುಂಡು ಮಾಡಿಯೇ ಕೊಡುತ್ತಾರೆ, ನಾಳವನ್ನು ಗಿಡ್ಡವಾಗಿ ಕಡಿದು ಎಸೆಯುತ್ತಾರೆ. ಹೃದಯ ಇರಲಿ ಎನ್ನುವುದು ಎಡ ಬಲ ಗುರುತಿಸಲು. ಕೊರಳು ಕೊಯ್ಯುವ ಜಾಗ ಧ್ವನಿಪೆಟ್ಟಿಗೆಯ ಹತ್ತಿರವೇ ಇರುವುದರಿಂದ ಧ್ವನಿಪೆಟ್ಟಿಗೆ ಸಾಮಾನ್ಯವಾಗಿ ತಲೆಯ ಜೊತೆ ಹೋಗಿರುತ್ತದೆ. ಕ್ರೈಕಾಯ್ಡ್ ನೋಡಬೇಕಿದ್ದರೆ ತಲೆ-ಕಾಲು ಮಾರುವವರಲ್ಲಿ ಬೇರೆಯಾಗಿ ಕೇಳಬೇಕು. ಯಾದಗಿರಿ ಕಡೆಯ ಕೆಂಗುರಿಯಾದರೂ ಆದೀತು, ಬೀದರಿ ಆಡಾದರೂ ಆದೀತು. ಈ ಪಾಠದ ಮಟ್ಟಿಗೆ ಕುರಿಗೂ ಆಡಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ತೆಗೆದುಕೊಳ್ಳುವ ಮೊದಲು ಮೂರು ಸಂಗತಿ ನೋಡಿ. ಬಣ್ಣ ತಿಳಿ ಗುಲಾಬಿ ಇರಬೇಕು. ಅಲ್ಲಲ್ಲಿ ಕೆಂಪು ಮಚ್ಚೆ ಇದ್ದರೆ ಚಿಂತೆಯಿಲ್ಲ, ಅದು ಕೊಯ್ದಾಗ ಒಳಗೆಳೆದುಕೊಂಡ ರಕ್ತ. ಒತ್ತಿದರೆ ಮೆತ್ತಗೆ ಕುಸಿದು ಮತ್ತೆ ಏಳಬೇಕು. ಈಲಿಯ (ಲಿವರಿನ) ಹಾಗೆ ಗಟ್ಟಿಯಾದ ಭಾಗವಿದ್ದರೆ ನ್ಯುಮೋನಿಯಾ ಇದ್ದಿರಬಹುದು, ಅಲ್ಲಿ ಗಾಳಿ ಆಡುವುದಿಲ್ಲ. ಮೂರನೆಯದು, ಮೇಲ್ಮೈಯಲ್ಲಿ ನೀರು ತುಂಬಿದ ಬಿಳಿ ಗುಳ್ಳೆಗಳು, ನೆಲ್ಲಿಕಾಯಿ ಗಾತ್ರದವೋ ಇನ್ನೂ ದೊಡ್ಡವೋ. ಅವು ಹೈಡಾಟಿಡ್ ಗುಳ್ಳೆಗಳಿರಬಹುದು, ಲಾಡಿಹುಳದ ಮರಿಗಳು ಅದರೊಳಗಿರುತ್ತವೆ. ಅಂಥದ್ದನ್ನು ತರಬೇಡಿ. ತಂದ ಮೇಲೆ ಕಂಡರೆ ಚುಚ್ಚಬೇಡಿ, ಹಾಗೆಯೇ ಕಟ್ಟಿ ಹೂಳಿ.

ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಐಸ್ ಹಾಕಿದ ಡಬ್ಬಿಯಲ್ಲಿ, ಐಸು ನೇರ ತಗಲದಂತೆ ಪ್ಲಾಸ್ಟಿಕ್ ಚೀಲದೊಳಗಿಟ್ಟು ತನ್ನಿ. ಫ್ರಿಜ್ಜಿನ ಕೆಳಖಾನೆಯಲ್ಲಿ ಒಂದು ದಿನ ತಡೆಯುತ್ತದೆ. ಫ್ರೀಜರಿಗೆ ಹಾಕಿದರೆ ಅಂಗಾಂಶದೊಳಗೆ ಐಸಿನ ಹರಳು ಕಟ್ಟಿ ಹರಿಯುತ್ತದೆ, ಆಮೇಲೆ ಗಾಳಿ ತುಂಬಿದಾಗ ಎಲ್ಲೆಲ್ಲೋ ಸೋರುತ್ತದೆ.

ಮೇಜಿನ ಮೇಲೆ

ಅಗಲವಾದ ಸ್ಟೀಲ್ ಟ್ರೇ, 4ನೇ ನಂಬರ್ ಹಿಡಿಕೆಗೆ 22ನೇ ನಂಬರ್ ಬ್ಲೇಡು, ಒಂದು ತುದಿ ಮೊಂಡಾದ ಕತ್ತರಿ, ಚಿಮಟ, ಗಟ್ಟಿ ನೂಲು, ನಾಲ್ಕು ಬಣ್ಣದ ಪ್ಲಾಸ್ಟಿಕ್ ಸ್ಟ್ರಾ, ಟಾರ್ಚು, ಅಳತೆಪಟ್ಟಿ, ಎರಡು ಜೊತೆ ಗ್ಲೌಸು. ಗಾಳಿ ತುಂಬಲು ನರ್ಸಿಂಗ್ ಕಾಲೇಜಿನಲ್ಲಿ ಅಂಬು ಬ್ಯಾಗ್ (ಕೈಯಿಂದ ಹಿಂಡಿ ಉಸಿರು ಕೊಡುವ ಚೀಲ) ಮತ್ತು ಅವಧಿ ಮುಗಿದ 7.5 ನಂಬರಿನ, ಕಫ್ (ತುದಿಯ ಬಳಿ ಗಾಳಿ ತುಂಬಿ ಉಬ್ಬಿಸುವ ಪಟ್ಟಿ) ಇರುವ ಉಸಿರಾಟದ ಟ್ಯೂಬ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲವಾದರೆ ಸೈಕಲ್ ಪಂಪಿಗೆ ಒಂದು ಗೇಣು ರಬ್ಬರ್ ಕೊಳವೆ ಸಿಕ್ಕಿಸಿದರೂ ನಡೆಯುತ್ತದೆ. ಬಾಯಿಂದ ಊದುವುದು ಮಾತ್ರ ಬೇಡವೇ ಬೇಡ. ಬ್ರುಸೆಲ್ಲಾದಂಥ ರೋಗಾಣು ಆಡು-ಕುರಿಯಿಂದ ಮನುಷ್ಯರಿಗೆ ದಾಟುತ್ತದೆ.

ಬಂದ ಕೂಡಲೇ ನಲ್ಲಿಯ ಕೆಳಗೆ ಹಿಡಿದು ನಾಳದೊಳಗೆ ನೀರು ಬಿಡುವುದು ಎಲ್ಲರೂ ಮಾಡುವ ಕೆಲಸ, ಇಡೀ ಪಾಠ ಕೆಡುವುದೂ ಅಲ್ಲೇ. ನೀರು ಸಣ್ಣ ಕವಲುಗಳಿಗೆ ಇಳಿದು ಕೂತರೆ ಮತ್ತೆ ಹೊರಬರುವುದಿಲ್ಲ, ಗಾಳಿ ತುಂಬಿದಾಗ ಬರೀ ನೊರೆ ಬರುತ್ತದೆ. ನಾಳದ ತುದಿ ಕೆಳಗಿರುವಂತೆ ಶ್ವಾಸಕೋಶವನ್ನು ಎತ್ತಿ ಹಿಡಿದು, ಹೆಪ್ಪುಗಟ್ಟಿದ ರಕ್ತ ತಾನಾಗಿ ಜಾರಿ ಬೀಳಲು ಬಿಡಿ. ಹೊರಗಿನದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಎಡ ಯಾವುದು, ಬಲ ಯಾವುದು

ನಾಳದ ಮೇಲೆ ಬೆರಳಾಡಿಸಿ. ಒಂದು ಬದಿ ಏಣೇಣಾಗಿ ಗಟ್ಟಿ, ಇನ್ನೊಂದು ಬದಿಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದು ಮೆತ್ತನೆಯ ಪಟ್ಟಿ. ಆ ಪಟ್ಟಿಯೇ ಹಿಂಬದಿ. ಅದರ ಮೇಲೆ ಅಂಟಿಕೊಂಡಿರುವ, ಒಳಗೆ ಟೊಳ್ಳಿದ್ದರೂ ಚಪ್ಪಟೆ ಬಿದ್ದಿರುವ ಕೆಂಪು ಮಾಂಸದ ನಳಿಗೆಯೇ ಅನ್ನನಾಳ. ಅಂಗಡಿಯವರು ಅದನ್ನು ಕಿತ್ತು ಕೊಟ್ಟಿದ್ದರೂ ಅದರ ಒಂದಿಷ್ಟು ಎಳೆ ಉಳಿದೇ ಇರುತ್ತವೆ.

ಮೆತ್ತನೆಯ ಪಟ್ಟಿ ಟ್ರೇಗೆ ತಾಗುವಂತೆ, ನಾಳದ ಕೊರಳ ತುದಿ ನಿಮ್ಮಿಂದ ದೂರ ಇರುವಂತೆ ಮಲಗಿಸಿ. ಈಗ ಅದು ಅಂಗಾತ ಮಲಗಿದ ರೋಗಿಯ ಸ್ಥಿತಿ: ನಿಮ್ಮ ಎಡಗೈ ಬದಿಯದು ಅದರ ಬಲ ಶ್ವಾಸಕೋಶ. ಹೃದಯದ ಚೂಪು ತುದಿ ಎಡಕ್ಕೆ ವಾಲಿದೆಯೇ ನೋಡಿ ಖಚಿತ ಮಾಡಿಕೊಳ್ಳಿ. ಎರಡು ಬದಿಗೂ ಚೀಟಿ ಕಟ್ಟಿದ ಮೇಲೆಯೇ ಮುಂದುವರಿಯಿರಿ. ಕೊಯ್ಯುವಾಗ ಇದನ್ನು ಬೋರಲು ಹಾಕುತ್ತೀರಿ, ಎಡ ಬಲ ಅದಲುಬದಲಾಗುತ್ತದೆ, ಚೀಟಿಯಿಲ್ಲದ ತಂಡ ಅಲ್ಲಿಂದ ಮುಂದೆ ಎಲ್ಲವನ್ನೂ ತಿರುಗುಮುರುಗು ಬರೆದುಕೊಳ್ಳುತ್ತದೆ.

ದಾರ ತೆಗೆದು ನಾಳದ ಪಕ್ಕದಲ್ಲಿಡಿ. ಆಡಿನ ನಾಳ ಉದ್ದ ಕೊರಳಿನದು, ಪೂರ್ತಿ ಸಿಕ್ಕರೆ ದಾರದ ಎರಡು ಪಟ್ಟಿಗೂ ಹೆಚ್ಚು. ಉಂಗುರಗಳೂ ಹಾಗೆಯೇ, ಐವತ್ತರ ಆಸುಪಾಸು. ಮನುಷ್ಯನಲ್ಲಿ 16ರಿಂದ 20 ಮಾತ್ರ, ಒಂದೊಂದೂ ಸುಮಾರು 4 ಮಿ.ಮೀ. ಎತ್ತರ, 1 ಮಿ.ಮೀ. ದಪ್ಪ. ಹಾಗಾಗಿ ಟ್ರೇಯಲ್ಲಿ ಉಂಗುರ ಎಣಿಸಿ ಮನುಷ್ಯನ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಎಣಿಸುವಾಗ ಕೆಲವು ಉಂಗುರ ಪಕ್ಕದ್ದರೊಡನೆ ಕೂಡಿಕೊಂಡಿರುವುದು, ಕೆಲವು ತುದಿಯಲ್ಲಿ ಸೀಳಿರುವುದು ಕಂಡರೆ ಅದು ರೋಗವಲ್ಲ. ಮನುಷ್ಯನಲ್ಲೂ ಹೀಗೆ ಆಗುತ್ತದೆ.

ನಾಳದ ಎರಡು ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಉಂಗುರಗಳ ನಡುವಿನ ಪೊರೆ ಹಿಗ್ಗಿ, ಬಿಟ್ಟಾಗ ವಾಪಸ್ಸು ಬರುತ್ತದೆ. ತಲೆ ಹಿಂದಕ್ಕೆ ಬಾಗಿಸಿದಾಗ, ನುಂಗುವಾಗ, ಉಸಿರೆಳೆದಾಗ ನಾಳ ಉದ್ದವಾಗುವುದು ಇದರಿಂದ. ಟ್ಯೂಬ್ ಹಾಕಿದ ರೋಗಿಯ ತಲೆ ಬಾಗಿಸಿದರೆ ಟ್ಯೂಬಿನ ತುದಿ ಒಳಕ್ಕೂ, ಹಿಂದಕ್ಕೆ ಎತ್ತಿದರೆ ಹೊರಕ್ಕೂ ಸರಿಯುತ್ತದೆ ಎನ್ನುವುದನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಿ.

ಕೊಯ್ಯುವ ಮೊದಲು ಗಾಳಿ

ಒಮ್ಮೆ ಕತ್ತರಿ ಬಿದ್ದ ಮೇಲೆ ಗಾಳಿ ನಿಲ್ಲುವುದಿಲ್ಲ, ಆದ್ದರಿಂದ ಇದು ಮೊದಲು. ಟ್ಯೂಬನ್ನು ನಾಳದ ಮೇಲ್ತುದಿಯಿಂದ 4-5 ಸೆಂ.ಮೀ. ಒಳಗಿಟ್ಟು, ಹೊರಗಿನಿಂದ ನೂಲಿನಲ್ಲಿ ಎರಡು ಸುತ್ತು ಬಿಗಿಯಾಗಿ ಕಟ್ಟಿ. ಅಂಬು ಬ್ಯಾಗನ್ನು ಪೂರ್ತಿ ಹಿಂಡಬೇಡಿ. ಅರ್ಧ ಹಿಂಡಿ, ಹಿಡಿದು, ಬಿಡಿ. ಮೊದಲ ಎರಡು ಮೂರು ಸಲ ಏನೂ ಆಗದಂತೆ ಕಾಣುತ್ತದೆ. ಆಮೇಲೆ ಕುಸಿದು ಕಂದಿದ್ದ ಭಾಗಗಳು ಒಂದೊಂದಾಗಿ ತೆರೆದು, ಬಣ್ಣ ತಿಳಿಯಾಗುತ್ತ ಉಬ್ಬುತ್ತವೆ. ಒಮ್ಮೆ ತೆರೆದ ಭಾಗ ಮುಂದಿನ ಸಲ ಕಡಿಮೆ ಒತ್ತಡಕ್ಕೇ ತುಂಬುತ್ತದೆ. ಬಿಟ್ಟಾಗ ಯಾರೂ ಒತ್ತದೆಯೇ ಗಾಳಿ ಹೊರಬರುವುದನ್ನು ಗಮನಿಸಿ. ಸಹಜ ಉಸಿರಾಟದಲ್ಲಿ ಉಸಿರು ಬಿಡಲು ಸ್ನಾಯು ದುಡಿಯಬೇಕಿಲ್ಲ ಎಂದು ಪುಸ್ತಕ ಹೇಳುವುದು ಇದನ್ನೇ.

ಒಂದು ಬದಿ ಉಬ್ಬದಿದ್ದರೆ ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು: ಹೆಪ್ಪುಗಟ್ಟಿದ ರಕ್ತ ಅಡ್ಡ ಕೂತಿದೆ, ಚಾಕು ತಗಲಿ ಸೋರುತ್ತಿದೆ, ಇಲ್ಲವೆ ಟ್ಯೂಬು ಬಹಳ ಒಳಗೆ ಹೋಗಿದೆ. ಸೋರುವುದನ್ನು ಕಂಡುಹಿಡಿಯಲು ಬಕೀಟಿನ ನೀರಲ್ಲಿ ಅದ್ದಿ ಹಿಂಡಿ, ಗುಳ್ಳೆ ಏಳುವ ಜಾಗವನ್ನು ಚಿಮಟದಲ್ಲಿ ಹಿಡಿದು ನೂಲು ಕಟ್ಟಿ.

ಮೂರನೆಯ ಕಾರಣವನ್ನು ಬೇಕೆಂದೇ ಮಾಡಿ ನೋಡಿ. ಕಟ್ಟು ಸಡಿಲಿಸಿ ಟ್ಯೂಬನ್ನು ತಡೆಯುವವರೆಗೆ ಒಳಗೆ ತಳ್ಳಿ, ಕಫ್ ಉಬ್ಬಿಸಿ, ಗಾಳಿ ಕೊಡಿ. ಒಂದೇ ಭಾಗ ಉಬ್ಬಿ ಉಳಿದದ್ದು ಸುಮ್ಮನೆ ಬಿದ್ದಿರುತ್ತದೆ. ಮನುಷ್ಯನಲ್ಲಿ ಟ್ಯೂಬ್ ಹೆಚ್ಚು ಒಳಗೆ ಹೋದರೆ ಬಹುತೇಕ ಬಲಗಡೆಗೇ ಇಳಿಯುತ್ತದೆ, ಎಡ ಎದೆಯಲ್ಲಿ ಉಸಿರಿನ ಸದ್ದು ಕೇಳದಾಗುತ್ತದೆ. ಬಾಯಿಂದ ಹಾಕುವ ಟ್ಯೂಬನ್ನು ಹೆಂಗಸರಲ್ಲಿ ಸುಮಾರು 21, ಗಂಡಸರಲ್ಲಿ ಸುಮಾರು 23 ಸೆಂ.ಮೀ. ಗುರುತಿಗೆ ನಿಲ್ಲಿಸುವುದು, ಎಕ್ಸ್‌ರೇಯಲ್ಲಿ ತುದಿ ಕವಲಿಗಿಂತ 3ರಿಂದ 5 ಸೆಂ.ಮೀ. ಮೇಲಿದೆಯೇ ನೋಡುವುದು ಈ ಅಪಾಯಕ್ಕಾಗಿಯೇ.

ಕತ್ತರಿ ಹಿಂದಿನಿಂದ

ಟ್ಯೂಬ್ ತೆಗೆದು, ಶ್ವಾಸಕೋಶವನ್ನು ಬೋರಲು ಹಾಕಿ. ಅನ್ನನಾಳವನ್ನು ಬೆರಳಿಂದಲೇ ಬಿಡಿಸಿ, ಬ್ಲೇಡು ಬೇಕಾಗುವುದಿಲ್ಲ. ಬಿಡಿಸುವಾಗ ನಾಳಕ್ಕೂ ಅನ್ನನಾಳಕ್ಕೂ ನಡುವಿನ ಸಂದಿಯಲ್ಲಿ ಬಿಳಿ ದಾರದಂಥ ನರ ಸಿಗಬಹುದು. ಮನುಷ್ಯನಲ್ಲಿ ಧ್ವನಿಪೆಟ್ಟಿಗೆಗೆ ವಾಪಸ್ಸು ಹತ್ತುವ ನರ ಇದೇ ಸಂದಿಯಲ್ಲಿ ಸಾಗುತ್ತದೆ, ಥೈರಾಯ್ಡ್ ಆಪರೇಷನ್ನಿನಲ್ಲಿ ಅದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ.

ಈಗ ಮೆತ್ತನೆಯ ಪಟ್ಟಿ ಎದುರಿಗಿದೆ. ಅಡ್ಡಡ್ಡ ಹಾಯುವ ನಯ ಸ್ನಾಯು ಅದು, ಟ್ರೇಕಿಯಾಲಿಸ್. ಕೆಮ್ಮುವಾಗ ಇದು ಬಿಗಿದು ನಾಳ ಕಿರಿದಾಗುತ್ತದೆ, ಗಾಳಿಯ ವೇಗ ಏರಿ ಕಫ ಎದ್ದು ಬರುತ್ತದೆ. ದೊಡ್ಡ ತುತ್ತು ನುಂಗಿದಾಗ ಅನ್ನನಾಳ ಮುಂದಕ್ಕೆ ಉಬ್ಬಲು ಎಡೆ ಕೊಡುವುದೂ ಇದೇ.

ಕತ್ತರಿಯ ಮೊಂಡು ತುದಿ ನಾಳದೊಳಗಿರಲಿ. ಪಟ್ಟಿಯ ನಟ್ಟನಡುವೆ, ಕೊರಳ ಕಡೆಯಿಂದ ಕೆಳಗೆ ಸೀಳುತ್ತ ಬನ್ನಿ. ಮುಂದಿನಿಂದ ಸೀಳಿದರೆ ಪ್ರತಿ ಉಂಗುರವನ್ನೂ ಕಡಿಯಬೇಕು, ಕಡಿದ ಉಂಗುರ ಮತ್ತೆ ಮುಚ್ಚಿಕೊಳ್ಳುತ್ತಲೇ ಇರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನೋಡಬೇಕಾದ ಹಿಂಗೋಡೆ ಕೆಳಗೆ ಸಿಕ್ಕಿಕೊಳ್ಳುತ್ತದೆ. ನಾಳ ಶ್ವಾಸಕೋಶದೊಳಗೆ ನುಗ್ಗುವುದಕ್ಕೆ ನಾಲ್ಕು ಬೆರಳಿನಷ್ಟು ಮೊದಲೇ ನಿಲ್ಲಿಸಿ.

ನಡುವಿನಲ್ಲೆಲ್ಲಾದರೂ ಒಂದು ಉಂಗುರವನ್ನು ಬ್ಲೇಡಿನಿಂದ ಅಡ್ಡ ಕೊಯ್ದು ಬೇರೆ ಮಾಡಿ. ಬೆರಳಲ್ಲಿ ಒತ್ತಿ ಬಿಡಿ, ಮತ್ತೆ ತೆರೆದುಕೊಳ್ಳುತ್ತದೆ. ಕೊಯ್ದ ಅಂಚನ್ನು ಬಿಸಿಲಿಗೆ ಹಿಡಿದರೆ ಒಳಗಿನ ತೇವದ ನಸುಗೆಂಪು ಪೊರೆ, ಅದರ ಹೊರಗೆ ಹಾಲುಬಿಳಿ ಮೃದ್ವಸ್ಥಿ, ಅದರಾಚೆ ಕೊಬ್ಬು ಮತ್ತು ಸಡಿಲ ಎಳೆಗಳು ಬರಿಗಣ್ಣಿಗೇ ಬೇರೆ ಬೇರೆ ಕಾಣುತ್ತವೆ. ಪೊರೆಯ ಮೇಲಿರುವ ಸೂಕ್ಷ್ಮ ಕೂದಲುಗಳನ್ನು ನೋಡಲು ಮೈಕ್ರೋಸ್ಕೋಪ್ ಬೇಕು. ಅವು ಲೋಳೆಯನ್ನು ಗಂಟಲ ಕಡೆಗೆ ಮೇಲಕ್ಕೆ ತಳ್ಳುತ್ತಿರುತ್ತವೆ. ಬೀಡಿ ಸಿಗರೇಟಿನ ಹೊಗೆಗೆ ಇವು ಮೊಟಕಾಗಿ ಸೋಲುತ್ತವೆ, ಆಗ ಕಫ ಎತ್ತಲು ಕೆಮ್ಮೊಂದೇ ಉಳಿಯುತ್ತದೆ.

ಮೂರನೆಯ ಬಾಯಿ

ಸೀಳಿದ ನಾಳವನ್ನು ಅಗಲಿಸಿ, ಟಾರ್ಚು ಹಿಡಿದು ಒಳಗೆ ನೋಡಿ. ಪುಸ್ತಕ ಓದಿ ಬಂದವರು ಎರಡು ರಂಧ್ರ ಹುಡುಕುತ್ತಾರೆ. ಕಾಣುವುದು ಮೂರು.

ಬಲಗೋಡೆಯಲ್ಲಿ, ನಾಳ ಎರಡಾಗುವ ಕವಲಿಗಿಂತ ಮೇಲೆಯೇ, ನಾಳದಿಂದಲೇ ನೇರವಾಗಿ ಹೊರಡುವ ಬೇರೊಂದು ನಳಿಗೆಯಿದೆ. ಆಡು, ಕುರಿ, ದನ, ಹಂದಿ ಇವುಗಳಲ್ಲಿ ಬಲ ಶ್ವಾಸಕೋಶದ ಮುಂಭಾಗದ (ತಲೆಯ ಕಡೆಯ) ಹಾಲೆಗೆ, ಅಂದರೆ ಲೋಬಿಗೆ, ಗಾಳಿ ಹೋಗುವುದು ಈ ಪ್ರತ್ಯೇಕ ದಾರಿಯಿಂದ. ಕವಲು ಎಂದರೆ ಇದೇ ಎಂದು ತಿಳಿದವರು ಇದನ್ನು ಬಲ ಮುಖ್ಯ ಬ್ರಾಂಕಸ್ (ಬಲ ಶ್ವಾಸಕೋಶಕ್ಕೆ ಹೋಗುವ ದೊಡ್ಡ ಕವಲುನಾಳ) ಎಂದು ಬರೆದುಕೊಂಡು, ಮುಂದೆ ಸಿಗುವ ನಿಜವಾದ ಕವಲನ್ನು ಏನೆಂದು ಕರೆಯುವುದು ತಿಳಿಯದೆ ನಿಲ್ಲುತ್ತಾರೆ. ಕೆಂಪು ಸ್ಟ್ರಾ ಒಂದನ್ನು ಇದರೊಳಗೆ ಸೇರಿಸಿ ಬಿಡಿ. ಅದರ ತುದಿ ಬಲ ಮುಂಭಾಗದ ಹಾಲೆಯಲ್ಲಿ ಕೈಗೆ ಸಿಗುತ್ತದೆ.

ಮನುಷ್ಯನಲ್ಲಿ ಈ ಮೂರನೆಯ ಬಾಯಿ ಸಾಮಾನ್ಯವಾಗಿ ಇರುವುದಿಲ್ಲ. ಬಲ ಮೇಲಿನ ಹಾಲೆಯ ಬ್ರಾಂಕಸ್ ಹೊರಡುವುದು ಕವಲಾದ ಮೇಲೆ, ಬಲ ಮುಖ್ಯ ಬ್ರಾಂಕಸ್‌ನಿಂದ. ಆದರೂ ಅಪರೂಪಕ್ಕೆ ಕೆಲವರಲ್ಲಿ ಆಡಿನ ಹಾಗೆಯೇ ನಾಳದಿಂದ ನೇರ ಹೊರಡುತ್ತದೆ. ವೈದ್ಯರು ಅದನ್ನು ಪಿಗ್ ಬ್ರಾಂಕಸ್ ಎನ್ನುವುದುಂಟು. ಅಂಥವರಿಗೆ ಅರಿವಳಿಕೆ ಕೊಡುವಾಗ ಟ್ಯೂಬು ಸರಿಯಾದ ಗುರುತಿನಲ್ಲೇ ಇದ್ದರೂ ಕಫ್ ಆ ಬಾಯಿ ಮುಚ್ಚಿಬಿಟ್ಟರೆ ಬಲ ಮೇಲಿನ ಹಾಲೆ ಕುಸಿಯುತ್ತದೆ. ಆಡಿನಲ್ಲಿ ನಿಯಮವಾದದ್ದು ಮನುಷ್ಯನಲ್ಲಿ ಅಪವಾದ ಎಂದು ಇಟ್ಟುಕೊಂಡರೆ ಎರಡೂ ನೆನಪಿರುತ್ತವೆ.

ಕವಲು, ಅದರಾಚೆ

ಈಗ ಕತ್ತರಿಯನ್ನು ನಿಜವಾದ ಕವಲಿನವರೆಗೆ ತನ್ನಿ. ನಾಳ ಎರಡಾಗುವಲ್ಲಿ ನಡುವೆ ಎದ್ದುನಿಂತ ಚೂಪು ಏಣೇ ಕ್ಯಾರಿನಾ. ಕೊನೆಯ ಉಂಗುರದಿಂದ ಹಿಂದಕ್ಕೆ ಬಾಗಿ ಬಂದ ಕೊಕ್ಕೆ ಅದರ ಒಳಗಿನ ಆಧಾರ. ಬ್ರಾಂಕೋಸ್ಕೋಪ್ (ನಾಳದೊಳಗೆ ಇಳಿಸಿ ನೋಡುವ ದುರ್ಬೀನು) ನಡೆಸುವವರಿಗೆ ದಾರಿ ಗುರುತು ಇದೇ. ಇಡೀ ನಾಳದಲ್ಲಿ ಕೆಮ್ಮನ್ನು ಕೆರಳಿಸುವುದರಲ್ಲಿ ಈ ಜಾಗ ಬಹಳ ಚುರುಕು, ಸಕ್ಷನ್ ನಳಿಕೆ ತಾಗಿದ ಕೂಡಲೇ ರೋಗಿ ಬಿಗಿದು ಕೆಮ್ಮುತ್ತಾನೆ. ಕವಲಿನ ಕೆಳಗೆ ದುಗ್ಧಗ್ರಂಥಿಗಳ ಗಂಟಿರುತ್ತದೆ. ಕ್ಯಾನ್ಸರ್ ಹರಡಿ ಅವು ಊದಿದರೆ ಚೂಪು ಏಣು ಮೊಂಡಾಗಿ ಅಗಲವಾಗುತ್ತದೆ.

ಉಳಿದ ಸ್ಟ್ರಾಗಳನ್ನು ಎರಡು ಮುಖ್ಯ ಬ್ರಾಂಕಸ್‌ಗೆ ಹಾಕಿ. ಇಲ್ಲಿ ಆಡಿನ ಅಳತೆ ಬಿಟ್ಟು ಮನುಷ್ಯನದನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಬಲ ಮುಖ್ಯ ಬ್ರಾಂಕಸ್ ಸುಮಾರು 2.5 ಸೆಂ.ಮೀ. ಉದ್ದ, ಅಗಲ ಹೆಚ್ಚು, ನಡುಗೆರೆಯಿಂದ ಸುಮಾರು 25 ಡಿಗ್ರಿ ಮಾತ್ರ ಓರೆ. ಎಡದ್ದು ಸುಮಾರು 5 ಸೆಂ.ಮೀ., ಕಿರಿದು, 45 ಡಿಗ್ರಿಯಷ್ಟು ಓರೆ. ಎಡದ್ದು ಉದ್ದವಾಗಲು ಕಾರಣ ಹೃದಯ. ಮಹಾಪಧಮನಿಯ ಕಮಾನಿನ ಕೆಳಗೆ ನುಸುಳಿ, ಅನ್ನನಾಳದ ಮುಂದೆ ಹಾದು ಅದು ತನ್ನ ಶ್ವಾಸಕೋಶ ಮುಟ್ಟಬೇಕು. ಬಲಗಡೆ ಅಂಥ ಅಡ್ಡಿಯಿಲ್ಲ, ಅಜೈಗಸ್ ಸಿರೆಯೊಂದು ಮೇಲಿಂದ ಬಾಗಿ ಹೋಗುತ್ತದೆ ಅಷ್ಟೆ.

ಮನುಷ್ಯನ ಬಲ ಶ್ವಾಸಕೋಶದಲ್ಲಿ ಮೂರು ಹಾಲೆ, ಎಡದಲ್ಲಿ ಎರಡು. ಬಲ ಮೇಲಿನ ಹಾಲೆಗೆ ಕವಲು ಕೊಟ್ಟ ಬಳಿಕ ಬಲ ಬ್ರಾಂಕಸ್ ಸ್ವಲ್ಪ ದೂರ ಒಂಟಿಯಾಗಿ ಇಳಿದು, ಆಮೇಲೆ ನಡು ಮತ್ತು ಕೆಳ ಹಾಲೆಗೆ ಒಡೆಯುತ್ತದೆ. ಮುಂದಿನ ಒಡಕಿನಲ್ಲಿ ಬಲಕ್ಕೆ 10 ವಿಭಾಗ, ಎಡಕ್ಕೆ ಕೆಲವು ಕೂಡಿಕೊಳ್ಳುವುದರಿಂದ 8ರಿಂದ 10. ಆಡಿನ ಬಲ ಶ್ವಾಸಕೋಶದಲ್ಲಿ ಇವುಗಳ ಜೊತೆ ಒಳಬದಿಯಲ್ಲಿ ಒಂದು ಪುಟ್ಟ ಹೆಚ್ಚುವರಿ ಹಾಲೆ ಇರುತ್ತದೆ. ಮನುಷ್ಯನಲ್ಲಿ ಅದಿಲ್ಲ, ಟ್ರೇಯಲ್ಲಿ ಕಂಡರೆ ನಡುಹಾಲೆ ಎಂದು ಹೆಸರಿಡಬೇಡಿ.

ಒಂದು ದಾರಿಯನ್ನಾದರೂ ಕೊನೆಯವರೆಗೆ ಹಿಂಬಾಲಿಸಬೇಕು. ಎಡ ಕೆಳಹಾಲೆ ಅದಕ್ಕೆ ಸಲೀಸು. ಕತ್ತರಿಯ ಮೊಂಡು ತುದಿಯನ್ನು ಬ್ರಾಂಕಸ್ ಒಳಗಿಟ್ಟು, ಮೇಲಿನ ಸ್ಪಂಜಿನಂಥ ಅಂಗಾಂಶವನ್ನೂ ಸೇರಿಸಿ ಸೀಳುತ್ತ ಹೋಗಿ. ಅರ್ಧ ಬಳೆಯಂತಿದ್ದ ಉಂಗುರಗಳು ಶ್ವಾಸಕೋಶದೊಳಗೆ ಹೋದಂತೆ ಚೂರು ಚೂರು ಬಿಲ್ಲೆಗಳಾಗಿ ಸುತ್ತಲೂ ಹರಡಿಕೊಳ್ಳುತ್ತವೆ. ಕತ್ತರಿ ಹಿಡಿಸದಷ್ಟು ಕಿರಿದಾದ ಕಡೆ ಬೆರಳಲ್ಲಿ ಉಜ್ಜಿದರೆ ಇನ್ನೂ ಗರಸುಗರಸು ಸಿಗುತ್ತದೆ. ಸುಮಾರು 1 ಮಿ.ಮೀ.ಗಿಂತ ಕಿರಿದಾದ ಕವಲುಗಳಲ್ಲಿ ಮೃದ್ವಸ್ಥಿಯೇ ಇರುವುದಿಲ್ಲ, ಗೋಡೆಯಲ್ಲಿ ಸ್ನಾಯುವಿನ ಪಾಲು ಹೆಚ್ಚು. ದಮ್ಮಿನ ರೋಗಿಯಲ್ಲಿ ಸಣ್ಣ ನಾಳಗಳು ಬಿಗಿದು ಮುಚ್ಚಿಕೊಳ್ಳಲು ಸಾಧ್ಯವಾಗುವುದು, ದೊಡ್ಡ ನಾಳ ಮುಚ್ಚಿಕೊಳ್ಳದಿರುವುದು ಈ ಕಾರಣಕ್ಕೆ.

ದಾರಿಯಲ್ಲಿ ರಕ್ತನಾಳವನ್ನೇ ಬ್ರಾಂಕಸ್ ಎಂದು ತಿಳಿದು ಸೀಳುವುದು ಆಗಾಗ ಆಗುವ ತಪ್ಪು. ಅನುಮಾನ ಬಂದಲ್ಲಿ ಅಡ್ಡ ಕೊಯ್ದು ನೋಡಿ: ಬ್ರಾಂಕಸ್ ಬಾಯಿ ತೆರೆದೇ ನಿಲ್ಲುತ್ತದೆ, ರಕ್ತನಾಳ ಮುಚ್ಚಿಕೊಂಡು ಬೀಳುತ್ತದೆ.

ಮಾಂಸ ಮುಟ್ಟದವರ ಮನೆಯಲ್ಲಿ

ಕಲಬುರಗಿಯ ಎಷ್ಟೋ ಮನೆಗಳಲ್ಲಿ, ಶಾಲೆಗಳಲ್ಲಿ ಇದು ಆಗದ ಮಾತು. ಅವರು ಕೊಳವೆಯಿಂದ ಮಾದರಿ ಮಾಡಿಕೊಳ್ಳಬಹುದು. ವಾಷಿಂಗ್ ಮಷಿನ್ನಿನ ಸುಕ್ಕುಸುಕ್ಕು ನೀರಿನ ಕೊಳವೆ, ಒಳಗಡೆ 18-20 ಮಿ.ಮೀ. ಇರುವಂಥದ್ದು, 11 ಸೆಂ.ಮೀ. ಕತ್ತರಿಸಿ. ಉದ್ದಕ್ಕೂ ಒಂದು ಬೆರಳಗಲ ಪಟ್ಟಿ ಕಿತ್ತು, ಅಲ್ಲಿ ಸೀಳಿದ ಬಲೂನಿನ ರಬ್ಬರ್ ಅಂಟಿಸಿ. ಇದು ಹಿಂಗೋಡೆ. ಈ ಕೆಲಸ ಬಿಟ್ಟರೆ ಮಾದರಿಯೇ ತಪ್ಪು ಕಲಿಸುತ್ತದೆ, ಕೊಳವೆಯ ಸುಕ್ಕು ಪೂರ್ತಿ ಸುತ್ತಿರುತ್ತದಲ್ಲ. ಕೆಳಗೆ ಬಲಕ್ಕೆ 15 ಮಿ.ಮೀ. ಅಗಲದ ಕೊಳವೆ 2.5 ಸೆಂ.ಮೀ., ಎಡಕ್ಕೆ 12 ಮಿ.ಮೀ.ದು 5 ಸೆಂ.ಮೀ. ಕೋನಮಾಪಕ ಹಿಡಿದು 25 ಮತ್ತು 45 ಡಿಗ್ರಿಗೆ ಅಂಟಿಸಿ, ಸಂದಿಗೆ ಎಂ-ಸೀಲ್ ಮೆತ್ತಿ.

ಒಣಗಿದ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿಂದ ಒಂದೊಂದೇ ಶೇಂಗಾ ಬೀಜ ಹಾಕಿ, ಎರಡು ಬಟ್ಟಲಲ್ಲಿ ಎಣಿಸಿ. ಹೆಚ್ಚಿನವು ಬಲದ ಬಟ್ಟಲಲ್ಲಿ ಇರಬೇಕು. ಸಮಸಮ ಬಿದ್ದರೆ ಕೋನ ಅಳೆದು ನೋಡಿ. ದೊಡ್ಡವರಲ್ಲಿ ಗಂಟಲಿಗೆ ಹಾರಿದ ವಸ್ತು ಬಲಕ್ಕೆ ಹೋಗುವುದು ಹೀಗೆ. ಚಿಕ್ಕ ಮಕ್ಕಳಲ್ಲಿ ಎರಡು ಬದಿಯ ಕೋನದ ವ್ಯತ್ಯಾಸ ಅಷ್ಟಿಲ್ಲ, ಎಡಕ್ಕೆ ಹೋಗುವುದೂ ಅಪರೂಪವಲ್ಲ. ಅವರ ನಾಳ ಎಷ್ಟು ಸಣ್ಣದೆಂದರೆ ಮೊದಲ ವರ್ಷದಲ್ಲಿ ಒಳ ಅಗಲ 3 ಮಿ.ಮೀ. ಆಸುಪಾಸು. ಶೇಂಗಾ ತಿನ್ನುತ್ತಿದ್ದ ಮಗು ದಿಢೀರ್ ಕೆಮ್ಮಿ, ಆಮೇಲೆ ಸುಮ್ಮನಾಗಿ, ಒಂದೇ ಬದಿಯಲ್ಲಿ ಸುಯ್‌ಗುಟ್ಟುತ್ತಿದ್ದರೆ ಎಕ್ಸ್‌ರೇ ಚೆನ್ನಾಗಿದೆ ಎಂದು ಬಿಡುವಂತಿಲ್ಲ. ಶೇಂಗಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಬ್ರಾಂಕೋಸ್ಕೋಪಿ ಮಾಡುವ ಆಸ್ಪತ್ರೆಗೇ ಒಯ್ಯಬೇಕು. ಬಾಯೊಳಗೆ ಕುರುಡಾಗಿ ಬೆರಳು ಹಾಕಿ ತೆಗೆಯಲು ಹೋದರೆ ಇನ್ನೂ ಕೆಳಗೆ ತಳ್ಳಿದಂತಾಗುತ್ತದೆ.

ಕೆಲಸ ಮುಗಿದ ಮೇಲೆ

ನಾಳೆಗೂ ಬೇಕೆನಿಸಿದರೆ ಕಾಲೇಜಿನ ಲ್ಯಾಬಿನಲ್ಲಿ ಮಾತ್ರ ಫಾರ್ಮಲಿನ್ ಬಳಸಿ. ಅಂಗಡಿಯ ಫಾರ್ಮಲಿನ್ 1 ಪಾಲಿಗೆ ನೀರು 9 ಪಾಲು. ಕಿಟಕಿ ತೆರೆದಿರಲಿ, ಅದರ ಹೊಗೆ ಕಣ್ಣು ಮೂಗು ಸುಡುವುದಷ್ಟೇ ಅಲ್ಲ, ಕ್ಯಾನ್ಸರ್‌ಕಾರಕವೂ ಹೌದು. ಮನೆಯಲ್ಲಿ ಬೇಡ.

ಉಳಿದದ್ದನ್ನು ಬೀದಿನಾಯಿಗೆ ಎಸೆಯಬೇಡಿ. ಹೈಡಾಟಿಡ್ ಹುಳು ಬದುಕುವುದೇ ಈ ಚಕ್ರದಲ್ಲಿ: ಗುಳ್ಳೆಯಿರುವ ಹಸಿ ಫೇಪ್ಡಾ ನಾಯಿಗೆ, ನಾಯಿಯ ಹೇಲಿನಿಂದ ಮೊಟ್ಟೆ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ, ತೊಳೆಯದ ಕೈಯಿಂದ ಮನುಷ್ಯನ ಈಲಿಗೆ. ಹೊರಗೆ ಗುಳ್ಳೆ ಕಾಣದಿದ್ದರೂ ಒಳಗೆ ಇರಬಹುದು. ಆಸ್ಪತ್ರೆಗೆ ಸೇರಿದ ಕಾಲೇಜಾದರೆ ಹಳದಿ ಚೀಲಕ್ಕೆ ಹಾಕಿ, ಇಲ್ಲವಾದರೆ ನಾಯಿ ಕೆದಕಲಾಗದಂತೆ ಮೂರಡಿ ಆಳಕ್ಕೆ ಹೂಳಿ, ಮೇಲೆ ಕಲ್ಲು ಹೇರಿ. ಟ್ರೇ, ಕತ್ತರಿಗಳನ್ನು ಮೊದಲು ಸೋಪಿನಿಂದ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿದ ತಿಳಿಯಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಕತ್ತರಿಯ ಕೀಲು ತುಕ್ಕು ಹಿಡಿಯುತ್ತದೆ. ಬ್ಲೇಡನ್ನು ಚಿಮಟದಲ್ಲಿ ಹಿಡಿದು ಕಳಚಿ, ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಿರಿ.